ಹತ್ತಡಿ ಕೋಣೆಯಲ್ಲಿ ಗಿಟಾರಿನ ಗದ್ದಲ

ದೊಡ್ಡ ರೆಕಾರ್ಡ್ ಕಂಪನಿಗಳ ಆಚೆ ಬೆಳೆದ ಗಿಟಾರ್ ಸಂಗೀತ ಇಂಡೀ ರಾಕ್. ಅದನ್ನು ಮೊದಲ ಸಲ ಕೇಳಿದವರ ದೂರು ಸಾಮಾನ್ಯವಾಗಿ ಒಂದೇ: "ಹಾಡೋರ ದನಿಯೇ ಸರಿಯಾಗಿ ಕೇಳಿಸ್ತಿಲ್ಲ." ತುಮಕೂರಿನಂಥ ಊರಿನಲ್ಲಿ ಭಾವಗೀತೆ, ಸಿನಿಮಾ ಹಾಡು ಕೇಳಿ ಬೆಳೆದ ಕಿವಿಗೆ ಸಾಹಿತ್ಯ ಮುಂದಿರಬೇಕು, ವಾದ್ಯ ಹಿಂದಿರಬೇಕು. ದೂರಿನಲ್ಲಿ ತಪ್ಪೇನಿಲ್ಲ. ಆದರೆ ಆ ದನಿ ತಾನಾಗಿ ಮುಳುಗಿದ್ದಲ್ಲ, ಬೇಕಂತಲೇ ಮುಳುಗಿಸಿದ್ದು. ಅದನ್ನು ಮೇಲೆತ್ತಲು ಹೋದರೆ ಹಾಡು ಕೆಡುತ್ತದೆ.

ಮೈ ಬ್ಲಡಿ ವ್ಯಾಲೆಂಟೈನ್ ತಂಡ 1991ರಲ್ಲಿ ತಂದ 'ಲವ್‌ಲೆಸ್' ಆಲ್ಬಂ ಇದಕ್ಕೆ ಒಳ್ಳೆಯ ಉದಾಹರಣೆ. ಗಿಟಾರಿನಲ್ಲಿ ತಂತಿಗಳ ಬುಡ ಕೂರುವ ಬ್ರಿಡ್ಜ್ ಪಕ್ಕ ಟ್ರೆಮೊಲೊ ಕಡ್ಡಿ ಅಂತ ಇರುತ್ತದೆ. ತಂಡದ ಗಿಟಾರ್ ವಾದಕ ಕೆವಿನ್ ಶೀಲ್ಡ್ಸ್ ಅದನ್ನು ಕೈಯಲ್ಲಿ ಹಿಡಿದುಕೊಂಡೇ ತಂತಿಗಳನ್ನು ಮೀಟುತ್ತಾರೆ. ಕೈ ಆಡಿದ ಹಾಗೆಲ್ಲ ಆರೂ ತಂತಿ ಸ್ವಲ್ಪ ಸಡಿಲವಾಗಿ ಮತ್ತೆ ಬಿಗಿಯಾಗುತ್ತವೆ. ವೀಣೆಯ ಗಮಕದಲ್ಲಿ ಒಂದು ಸ್ವರ ತೂಗಿದರೆ ಇಲ್ಲಿ ಇಡೀ ಕಾರ್ಡ್, ಅಂದರೆ ಜೊತೆಗೆ ನುಡಿಯುವ ಸ್ವರಗಳ ಗುಂಪೇ, ಒಟ್ಟಿಗೆ ತೂಗುತ್ತದೆ. ಹತ್ತಾರು ಗಿಟಾರ್ ಒಂದರ ಮೇಲೊಂದು ಪೇರಿಸಿದ ಹಾಗೆ ಕೇಳಿಸುವ ಕಡೆ ಎಷ್ಟೋ ಸಲ ಇರುವುದು ಬೆರಳೆಣಿಕೆಯಷ್ಟು ಮಾತ್ರ. ಶೀಲ್ಡ್ಸ್ ಮತ್ತು ಬಿಲಿಂಡಾ ಬುಚರ್ ಇಬ್ಬರ ದನಿಯನ್ನೂ ಆ ಗಿಟಾರಿನ ಮಟ್ಟಕ್ಕೇ ಇಳಿಸಿಟ್ಟಿದ್ದಾರೆ. ಪದ ಹುಡುಕುವುದನ್ನು ಬಿಟ್ಟು ಆ ತೂಗಾಟದ ಜೊತೆ ಹೋದರೆ ಎರಡನೇ ಸಲಕ್ಕೇ ದನಿ ತಾನಾಗಿ ಬಿಡಿಸಿಕೊಳ್ಳುತ್ತದೆ. ನನ್ನ ಮಟ್ಟಿಗೆ ಇಷ್ಟು ಮೃದುವಾದ ಗದ್ದಲ ಬೇರೆ ಇಲ್ಲ.

ಹತ್ತಿರದ್ದೇ ಬೇಕು ಅಂದರೆ ಬೆಂಗಳೂರಿನ ಪರ್ವಾಜ್ ತಂಡದ 2014ರ 'ಬಾರಾನ್' ಕೇಳಿ. ಉರ್ದು, ಕಾಶ್ಮೀರಿ ಹಾಡುಗಳು. ಮಾತಿನ ಅರ್ಥ ಗೊತ್ತಿಲ್ಲದವರನ್ನೂ ಆ ಸಂಗೀತ ಹಿಡಿದು ಕೂರಿಸುತ್ತದೆ.

ದನಿ ಕೇಳಿಸುತ್ತಿಲ್ಲ ಅಂತ ಟ್ರೆಬಲ್ ಏರಿಸುವುದು, ಆ್ಯಪ್‌ನಲ್ಲಿ ವೋಕಲ್ ಬೂಸ್ಟ್ ಹಾಕುವುದು ಎಲ್ಲರೂ ಮೊದಲು ಮಾಡುವ ತಪ್ಪು. ಮಾತಿನ ಸ್ಪಷ್ಟತೆ ಇರುವುದು ಹೆಚ್ಚುಕಡಿಮೆ 2ರಿಂದ 4 ಕಿಲೋಹರ್ಟ್ಸ್ ನಡುವೆ. ಡಿಸ್ಟಾರ್ಷನ್ ಹಾಕಿ ಸದ್ದನ್ನು ಒರಟು ಮಾಡಿದ ಗಿಟಾರಿನ ಖಾರವೂ ಅಲ್ಲೇ ಇದೆ. ಒಂದನ್ನು ಎತ್ತಿದರೆ ಇನ್ನೊಂದೂ ಏಳುತ್ತದೆ. ಸ್ವಲ್ಪ ಹೊತ್ತಿಗೇ ಕಿವಿ ದಣಿದು ವಾಲ್ಯೂಮ್ ಇಳಿಸುತ್ತೀರಿ. ಸದ್ದು ಕಡಿಮೆಯಾದಾಗ ನಮ್ಮ ಕಿವಿಗೆ ಮಂದ್ರ ಇನ್ನೂ ಕಡಿಮೆ ಕೇಳಿಸುವುದರಿಂದ ಬೇಸ್ ಮಾಯವಾಗಿ ತಗಡು ಬಡಿದಂಥ ಶಬ್ದ ಉಳಿಯುತ್ತದೆ. ಈಕ್ವಲೈಜರ್ ಪೂರ್ತಿ ತೆಗೆದುಬಿಡಿ. ಫೋನಿನಲ್ಲಿ ಯಾವುದಾದರೂ ಸೌಂಡ್ ಮೀಟರ್ ಆ್ಯಪ್ ಹಾಕಿಕೊಂಡು, ಕೂರುವ ಜಾಗದಲ್ಲಿ 75ರಿಂದ 80 ಡೆಸಿಬೆಲ್ ಬರುವಂತೆ ನೋಡಿಕೊಂಡರೆ ಸಾಕು.

ಅಷ್ಟು ಮಾಡಿದರೂ ಗೊಂದಲ ಉಳಿದರೆ ಕಾರಣ ಕೋಣೆ.

ನಮ್ಮ ಕಡೆಯ ಆರ್‌ಸಿಸಿ ಮನೆಗಳಲ್ಲಿ ರೂಮು ಸಾಮಾನ್ಯವಾಗಿ ಹತ್ತಡಿಗೆ ಹನ್ನೆರಡಡಿ, ಎತ್ತರವೂ ಹತ್ತಡಿ. ನೆಲ ಟೈಲ್ಸು ಅಥವಾ ರೆಡ್ ಆಕ್ಸೈಡು, ಗೋಡೆ ಸಿಮೆಂಟು. ಎರಡು ಗೋಡೆಗಳ ನಡುವಿನ ಅಂತರ ಹತ್ತಡಿ ಇದ್ದರೆ ಸುಮಾರು 56 ಹರ್ಟ್ಸ್‌ನ ಅಲೆ ಗೋಡೆಯಿಂದ ಗೋಡೆಗೆ ಹೋಗಿ ಬಂದು ಅಲ್ಲೇ ನಿಂತು ಜೋರಾಗುತ್ತದೆ. ಬೇಸ್ ಗಿಟಾರಿನ ಎ ತಂತಿಯನ್ನು ಖಾಲಿ ಮೀಟಿದರೆ ಬರುವುದು 55 ಹರ್ಟ್ಸ್. ಅಂದರೆ ಹಾಡಿನಲ್ಲಿ ಆ ಸ್ವರ ಬಂದಾಗಲೆಲ್ಲ ಕೋಣೆ "ಗುಂ" ಅನ್ನುತ್ತದೆ, ಪಕ್ಕದ ಸ್ವರಕ್ಕೆ ಸುಮ್ಮನಿರುತ್ತದೆ. ಅಗಲ, ಎತ್ತರ ಎರಡೂ ಹತ್ತೇ ಆದರೆ ಎರಡು ಅಲೆಯೂ ಒಂದೇ ಕಡೆ ಸೇರಿ ಗುಂಯ್‌ಗುಡುವುದು ಜಾಸ್ತಿ. ಜನ ಇದನ್ನು ಸ್ಪೀಕರಿನ ದೋಷ ಅಂದುಕೊಂಡು ಹೊಸ ಸ್ಪೀಕರ್ ತರುತ್ತಾರೆ. ಹೊಸದೂ ಹಾಗೇ ಗುಂ ಅನ್ನುತ್ತದೆ.

ಸ್ಪೀಕರ್ ಮೂಲೆಯ ಶೋಕೇಸಿನ ಮೇಲೆ, ಕೂರುವ ದಿವಾನ್ ಗೋಡೆಗೆ ಅಂಟಿಕೊಂಡು: ನಮ್ಮ ಮನೆಗಳಲ್ಲಿ ಇದೇ ವ್ಯವಸ್ಥೆ. ಮಂದ್ರದ ಒತ್ತಡ ಅತಿ ಹೆಚ್ಚಿರುವ ಜಾಗಗಳೇ ಇವೆರಡು. ಸ್ಪೀಕರುಗಳನ್ನು ಹತ್ತಡಿ ಗೋಡೆಯ ಕಡೆಗೆ ತನ್ನಿ. ಹಿಂದಿನ ಗೋಡೆಯಿಂದ ಒಂದೂವರೆ ಎರಡು ಅಡಿ ಮುಂದೆ, ಪಕ್ಕದ ಗೋಡೆಗಳಿಂದ ಎರಡೂವರೆ ಅಡಿ ಒಳಗೆ. ಆಗ ಎರಡರ ನಡುವೆ ಐದು ಅಡಿ ಸಿಗುತ್ತದೆ. ಸ್ಪೀಕರಿನೊಳಗೆ ತಾರದ ಸದ್ದು ಹೊರಡಿಸುವ ಚಿಕ್ಕ ಭಾಗ, ಅಂದರೆ ಟ್ವೀಟರ್, ನಿಮ್ಮ ಕಿವಿಯ ಮಟ್ಟಕ್ಕಿರಲಿ. ಕುರ್ಚಿ ಅಗಲದ ಸರಿಯಾಗಿ ಮಧ್ಯದಲ್ಲಿ, ಬೆನ್ನ ಹಿಂದಿನ ಗೋಡೆಯಿಂದ ನಾಲ್ಕೂವರೆ ಅಡಿ ದೂರ. ಅಗಲದ ಮಧ್ಯದಲ್ಲಿ ಕೂತರೆ ಅಗಲದಿಂದ ಹುಟ್ಟುವ 56 ಹರ್ಟ್ಸ್ ಕಾಟ ಬಹಳಷ್ಟು ತಗ್ಗುತ್ತದೆ. ಉದ್ದದ ಮಧ್ಯ, ಅಂದರೆ ಆರಡಿಯಲ್ಲಿ ಮಾತ್ರ ಕೂರಬೇಡಿ. ಅಲ್ಲಿ 47 ಹರ್ಟ್ಸ್ ಆಸುಪಾಸಿನ ಬೇಸ್ ಇಲ್ಲವೇ ಇಲ್ಲ ಅನ್ನಿಸುತ್ತದೆ.

ಕಬ್ಬಿಣದ ಬೀರುವನ್ನು ಮರೆಯಬೇಡಿ. ಬೇಸ್ ಬಂದಾಗ ಅದರ ಬಾಗಿಲಿನ ಮೇಲೆ ಅಂಗೈ ಇಟ್ಟರೆ ನಡುಕ ಗೊತ್ತಾಗುತ್ತದೆ. ಬಾಗಿಲ ಸಂದಿಗೆ ನಾಲ್ಕು ಮಡಿಕೆಯ ಪೇಪರ್ ತುರುಕಿದರೆ ನಿಲ್ಲುತ್ತದೆ.

ಇನ್ನು ಗೋಡೆಯಿಂದ ವಾಪಸ್ ಬರುವ ಸದ್ದು. ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. "ಟ್ರ್ರ್ರ್" ಅಂತ ಬಾಲ ಎಳೆದರೆ 'ಲವ್‌ಲೆಸ್' ಅಲ್ಲಿ ಬರೀ ಕೆಸರು. ಇದಕ್ಕೆ ದುಬಾರಿ ಫೋಮ್ ಬೇಡ, ಕುರಿ ಕಂಬಳಿ ಸಾಕು. ಶಿರಾ, ಪಾವಗಡ ಕಡೆಯ ಒರಟು ಕಂಬಳಿಯ ಉಣ್ಣೆ ಸದ್ದನ್ನು ಚೆನ್ನಾಗಿ ಕುಡಿಯುತ್ತದೆ. ಎರಡು ಮಡಿಕೆ ಮಾಡಿ, ಗೋಡೆಗೆ ತಾಗಿಸದೆ ನಾಲ್ಕು ಇಂಚು ಬಿಟ್ಟು ನೇತುಹಾಕಿ. ತಾಗಿಸಿದರೆ ತಾರದ ಚೂಪು ಮಾತ್ರ ಹೋಗುತ್ತದೆ. ನಾಲ್ಕಿಂಚು ಗಾಳಿ ಬಿಟ್ಟರೆ ಸುಮಾರು 800 ಹರ್ಟ್ಸ್‌ವರೆಗೂ ಕೆಲಸ ಮಾಡುತ್ತದೆ. ಎಲ್ಲಿ ಹಾಕಬೇಕು ಅಂತ ತಿಳಿಯಲು ನೀವು ಕುರ್ಚಿಯಲ್ಲಿ ಕೂತು, ಇನ್ನೊಬ್ಬರು ಪಕ್ಕದ ಗೋಡೆಯುದ್ದಕ್ಕೂ ಕನ್ನಡಿ ಸರಿಸಿಕೊಂಡು ಹೋಗಲಿ. ಕನ್ನಡಿಯಲ್ಲಿ ಸ್ಪೀಕರ್ ಕಾಣುವ ಜಾಗವೇ ಕಂಬಳಿಯ ಜಾಗ. ಎರಡೂ ಪಕ್ಕಕ್ಕೆ ಒಂದೊಂದು. ಬೇಸ್‌ಗೆ ಕಂಬಳಿಯಿಂದ ಏನೂ ಆಗದು, ಅದಕ್ಕೆ ಮೊದಲೇ ಹೇಳಿದ ಜಾಗ ಬದಲಾವಣೆಯೇ ಮದ್ದು.

ಆ್ಯಪ್ ವಿಷಯ. ಪಿಕ್ಸೀಸ್ ತಂಡದ ಹಾಡುಗಳ ಜೀವ ಇರುವುದು ಮೆಲ್ಲಗಿನ ಚರಣ, ಥಟ್ಟನೆ ಸಿಡಿಯುವ ಪಲ್ಲವಿಯಲ್ಲಿ. ಸ್ಪಾಟಿಫೈನ ವಾಲ್ಯೂಮ್ ಆಯ್ಕೆ 'ಲೌಡ್'ನಲ್ಲಿದ್ದರೆ ಸದ್ದು ಮಿತಿ ಮೀರದಂತೆ ತಡೆಯುವ ಲಿಮಿಟರ್ ಆ ಸಿಡಿತದ ತಲೆ ಒತ್ತುತ್ತದೆ. 'ನಾರ್ಮಲ್'ನಲ್ಲಿಡಿ, ಇಲ್ಲವೇ ಪೂರ್ತಿ ಆಫ್ ಮಾಡಿ. ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಗೆ ಇನ್ನೊಂದನ್ನು ಬೆರೆಸುವುದು) ಸೊನ್ನೆ ಇರಲಿ. ಶಫಲ್ ಬೇಡ. ಆಲ್ಬಂ ಮೊದಲಿಂದ ಹಾಕಿದರೆ ಹಾಡುಗಳ ನಡುವಿನ ಏರಿಳಿತ ಹಾಗೇ ಉಳಿಯುತ್ತದೆ, ಶಫಲ್‌ನಲ್ಲಿ ಪ್ರತಿ ಹಾಡನ್ನೂ ಒಂದೇ ಮಟ್ಟಕ್ಕೆ ಎಳೆಯಲಾಗುತ್ತದೆ. ಬ್ಯಾಂಡ್‌ಕ್ಯಾಂಪ್‌ನಲ್ಲಿ ಗುಣಮಟ್ಟ ಕಳೆಯದ ಫ್ಲ್ಯಾಕ್ ಫೈಲ್ ಕೊಂಡರೆ ಇನ್ನೂ ಒಳ್ಳೆಯದು. ಸಂಗೀತ ಮಾರುವ ಈ ಜಾಲತಾಣದವರ ಪಾಲು ಡಿಜಿಟಲ್ ಮಾರಾಟದಲ್ಲಿ ಶೇ. 15, ಉಳಿದದ್ದರಲ್ಲಿ ಹೆಚ್ಚಿನದು ಕಲಾವಿದರ ಕಡೆ ಹೋಗುತ್ತದೆ. ನಲವತ್ತು ನಿಮಿಷದ ಆಲ್ಬಂ 250ರಿಂದ 300 ಎಂಬಿ ಹಿಡಿಯುತ್ತದೆ.

ಲ್ಯಾಪ್‌ಟಾಪಿಗೆ ಸ್ಪೀಕರ್ ಜೋಡಿಸಿದಾಗ "ಜೊಂಯ್" ಅಂದರೆ ಮೊದಲು ಚಾರ್ಜರ್ ಕಿತ್ತು ನೋಡಿ. ನಿಂತರೆ ತೊಂದರೆ ಹೆಚ್ಚಾಗಿ ಅರ್ಥಿಂಗಿನದು. ಕೋಲಾರದ ಒಣ ನೆಲದಲ್ಲಿ ಬೇಸಿಗೆಗೆ ಅರ್ಥಿಂಗ್ ಗುಂಡಿ ಒಣಗಿ ದುರ್ಬಲವಾಗುತ್ತದೆ, ನೀರು ಹಾಕಿಸಿ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಸದ್ದು ನಿಲ್ಲಲಿ ಅಂತ ಪ್ಲಗ್ಗಿನ ಮೂರನೇ ಪಿನ್ ಕತ್ತರಿಸಬೇಡಿ, ಶಾಕ್ ಹೊಡೆಯದಂತೆ ಕಾಯುವುದು ಅದೇ.

ಇಷ್ಟೆಲ್ಲ ಆದಮೇಲೆ ನಿರ್ವಾಣ ತಂಡದ 1993ರ 'ಇನ್ ಯೂಟೆರೊ' ಹಾಕಿ, ಹಾಡನ್ನು ಬಿಟ್ಟು ಡ್ರಮ್ಮನ್ನು ಮಾತ್ರ ಕೇಳಿ. ಅಮೆರಿಕದ ಮಿನೆಸೋಟದ ಪ್ಯಾಕಿಡರ್ಮ್ ಸ್ಟುಡಿಯೋದಲ್ಲಿ ಅದನ್ನು ರೆಕಾರ್ಡ್ ಮಾಡಿದವರು ಸ್ಟೀವ್ ಆಲ್ಬಿನಿ. 2024ರ ಮೇನಲ್ಲಿ ತೀರಿಕೊಂಡರು. ಪ್ರೊಡ್ಯೂಸರ್ ಅನ್ನಿಸಿಕೊಳ್ಳಲು ಒಪ್ಪದೆ, ರಾಯಲ್ಟಿಯನ್ನೂ ಮುಟ್ಟದೆ, ಕೆಲಸಕ್ಕೆ ಇಷ್ಟು ಅಂತ ಕೂಲಿ ಪಡೆದ ಮನುಷ್ಯ. ಆ ನಿಷ್ಠೆ ಅವರ ರೆಕಾರ್ಡಿಂಗ್‌ಗಳಲ್ಲೂ ಇದೆ. ಡ್ರಮ್ಮಿನ ಹತ್ತಿರ ಮೈಕ್ ಇಟ್ಟದ್ದಲ್ಲದೆ ಕೋಣೆಯಲ್ಲಿ ದೂರದಲ್ಲೂ ಇಡುತ್ತಿದ್ದರು. ಕೆಲವು ಸಲ ಆ ದೂರದ ಮೈಕಿನ ಸದ್ದನ್ನು ಹತ್ತಿಪ್ಪತ್ತು ಮಿಲಿಸೆಕೆಂಡ್ ತಡಮಾಡಿ ಸೇರಿಸುತ್ತಿದ್ದರು. ಸದ್ದು ಒಂದು ಮಿಲಿಸೆಕೆಂಡಿಗೆ ಅಡಿಗಿಂತ ಚೂರು ಹೆಚ್ಚು ಸಾಗುತ್ತದೆ. ಇಪ್ಪತ್ತು ಮಿಲಿಸೆಕೆಂಡ್ ತಡ ಅಂದರೆ ಆ ಮೈಕ್ ಇಪ್ಪತ್ತೆರಡು ಅಡಿಯಷ್ಟು ಹಿಂದೆ ಸರಿದ ಹಾಗೆ.

ಈ ವ್ಯತ್ಯಾಸ ಕೋಲಾರ, ಚಿಕ್ಕಬಳ್ಳಾಪುರದವರಿಗೆ ಹೊಸದಲ್ಲ. ತಮಟೆಗಾಗಿ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದ ಸೀಮೆ ಇದು. ಬೆಂಕಿಗೆ ಕಾಯಿಸಿ ಬಿಗಿಮಾಡಿದ ತಮಟೆಯ ಎದುರಿಗೇ ನಿಂತರೆ ಕೋಲು ಚರ್ಮಕ್ಕೆ ಬಡಿದ ಚುರುಕು ಏಟು ಮೊದಲು ಕೇಳಿಸುತ್ತದೆ. ಅದೇ ತಮಟೆ ಎರಡು ಬೀದಿಯಾಚೆ ಇದ್ದರೆ ಏಟು ಮೆತ್ತಗಾಗಿ, ಬೀದಿಯ ಗೋಡೆಗಳೆಲ್ಲ ಸೇರಿ ನುಡಿದಂತಿರುತ್ತದೆ. ಆಲ್ಬಿನಿ ಡ್ರಮ್ಮಿನಲ್ಲಿ ಈ ಎರಡೂ ಒಟ್ಟಿಗೆ ಇವೆ: ಸ್ನೇರ್ ಅನ್ನುವ ಚುರುಕು ಸದ್ದಿನ ಡ್ರಮ್ ಮೇಲೆ ಬಿದ್ದ ಕೋಲು, ಅದರ ಬೆನ್ನಿಗೇ ದೂರದ ಗೋಡೆ. ಮೂಲೆಯಿಂದ ಸ್ಪೀಕರ್ ತೆಗೆದು ಕಂಬಳಿ ಕಟ್ಟಿದ ಕೋಣೆಯಲ್ಲಿ ಆ ಎರಡನೆಯದು ಸ್ಪೀಕರುಗಳ ಹಿಂದಿನ ಗೋಡೆಗಿಂತಲೂ ಆಚೆಯಿಂದ ಬರುತ್ತದೆ.