ಊರಿನ ಜನ ಎಲ್ಲಯ್ಯಾ?

ಎಂ.ಎ. ಪತ್ರಿಕೋದ್ಯಮದಲ್ಲಿ ಏನೇನು ಓದಿದೆ ಅಂತ ಯಾರಾದರೂ ಕೇಳಿದರೆ ಈಗ ತಡವರಿಸುತ್ತೇನೆ. ಸಂವಹನ ಸಿದ್ಧಾಂತ ಅಂತ ಒಂದು ಪೇಪರ್ ಇತ್ತು. ಅದರಲ್ಲಿ ಬಾಣದ ಗುರುತುಗಳು ಜಾಸ್ತಿ ಇದ್ದವು. ಅಷ್ಟೇ ನೆನಪು. ಆದರೆ ಈಚೆಗೆ ತೀರಿಕೊಂಡ ನಮ್ಮ ವರದಿಗಾರಿಕೆ ಮೇಷ್ಟ್ರು, ದಿನಾ ಬೆಳಿಗ್ಗೆ ಕಂಕುಳಲ್ಲಿ ಪತ್ರಿಕೆಗಳ ಕಟ್ಟು ಸಿಕ್ಕಿಸಿಕೊಂಡು ಕ್ಲಾಸಿಗೆ ಬರುತ್ತಿದ್ದುದು ಮಾತ್ರ ಹಾಗೇ ಕಣ್ಣಿಗೆ ಕಟ್ಟಿದೆ. ಹಾಜರಿ ಕೂಗುತ್ತಿರಲಿಲ್ಲ. ಒಬ್ಬೊಬ್ಬರ ಕೈಗೆ ಒಂದೊಂದು ಪತ್ರಿಕೆ ಕೊಟ್ಟು, "ಸುದ್ದಿ ಆಮೇಲೆ. ಮೊದಲು ಜಾಹೀರಾತು ಅಳೀರಿ" ಅನ್ನುತ್ತಿದ್ದರು. ಸ್ಕೇಲು ಇಟ್ಟು ಕಾಲಂ ಸೆಂಟಿಮೀಟರ್ ಲೆಕ್ಕ. ಪುಟದ ಡಮ್ಮಿಯಲ್ಲಿ, ಅಂದರೆ ಯಾವುದು ಎಲ್ಲಿ ಬರಬೇಕು ಅಂತ ಗುರುತು ಹಾಕುವ ನಕ್ಷೆಯಲ್ಲಿ, ಜಾಹೀರಾತು ಮೊದಲು ಕೂರುತ್ತದೆ, ಮಿಕ್ಕ ಜಾಗ ಸುದ್ದಿಗೆ ಅಂತ ನಮಗೆ ತಿಳಿದದ್ದು ಹೀಗೆ. ಪತ್ರಿಕೆ ಸಮಾಜದ ಕನ್ನಡಿ ಅಂತ ಪ್ರಬಂಧ ಬರೆದು ಬಹುಮಾನ ಹೊಡೆದುಕೊಂಡು ಬಂದಿದ್ದವರಿಗೆ ಸ್ವಲ್ಪ ಕಹಿಯಾಯಿತು.

ಅದು 2004ರ ಆಸುಪಾಸು. ಲ್ಯಾಬಿನಲ್ಲಿ ಪುಟ ಜೋಡಿಸುವ ಪೇಜ್‌ಮೇಕರ್, ಕನ್ನಡ ಟೈಪಿಸುವ ನುಡಿ ತಂತ್ರಾಂಶ ಕಲಿಯಬೇಕಿತ್ತು. ಕಲಿತೆವು. ಆದರೆ ಲ್ಯಾಬ್ ಸಹಾಯಕರು ಊಟಕ್ಕೆ ಎದ್ದರೆ ಸಾಕು, ಸಾಲು ಕಂಪ್ಯೂಟರುಗಳಲ್ಲಿ ಕೌಂಟರ್ ಸ್ಟ್ರೈಕ್ ಅನ್ನುವ ಗುಂಡು ಹಾರಿಸುವ ಆಟ ಶುರು. ಒಂದು ಕಡೆ ಬಾಂಬ್ ಇಡುವವರು, ಇನ್ನೊಂದು ಕಡೆ ತಡೆಯುವವರು. ನಮ್ಮ ಕಾಳಗವೆಲ್ಲ ಡಸ್ಟ್ 2 ಅನ್ನುವ ಮರಳು ಬಣ್ಣದ ಊರಿನಲ್ಲಿ. ನಾವು ಅದಕ್ಕೆ ಧೂಳೂರು ಅಂತಿದ್ದೆವು.

ಜುಲೈ 1, ಪತ್ರಿಕಾ ದಿನ. 1843ರಲ್ಲಿ ಹೆರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ ದಿನ. ವಿಭಾಗದಲ್ಲಿ ಭಿತ್ತಿಪತ್ರಿಕೆ ಹಚ್ಚುವುದು ವಾಡಿಕೆ. ಅದರ ಮೂಲೆಯಲ್ಲಿ ನಾವು ಒಂದು ವರದಿ ತೂರಿಸಿದೆವು: 'ಧೂಳೂರಿನಲ್ಲಿ ಗುಂಡಿನ ಚಕಮಕಿ: ಐವರ ಸಾವು'. 'ಪೊಲೀಸ್ ಮೂಲಗಳು ತಿಳಿಸಿವೆ' ಅಂತ ಕೊನೆಯ ಸಾಲು. ಬರೆದವನು ನಾನೇ. ಮುಖ್ಯ ಅತಿಥಿಗಳು ಕನ್ನಡಕ ಏರಿಸಿ ಪೂರ್ತಿ ಓದಿ, "ಇದು ಯಾವ ತಾಲ್ಲೂಕು?" ಅಂದುಬಿಟ್ಟರು. ಹಿಂದಿನ ಸಾಲಿನ ಹುಡುಗಿಯರು ದುಪಟ್ಟಾ ಬಾಯಿಗೆ ತುರುಕಿಕೊಂಡರು.

ಮೇಷ್ಟ್ರು ಬೈಯಲಿಲ್ಲ. ವರದಿ ಕಿತ್ತು ತಂದು ಕೆಂಪು ಪೆನ್ನಿನಲ್ಲಿ ತಿದ್ದತೊಡಗಿದರು. ಶೀರ್ಷಿಕೆ ಉದ್ದ ಅಂದರು. ಆಮೇಲೆ ತಲೆ ಎತ್ತಿ, "ಐದು ಜನ ಸತ್ತರು, ಸರಿ. ಊರಿನ ಜನ ಎಲ್ಲಯ್ಯಾ? ಒಬ್ಬ ಚಹಾದಂಗಡಿಯವನನ್ನೂ ಮಾತಾಡಿಸಿಲ್ವಲ್ಲ?" ಅಂದರು.

"ಸರ್, ಆ ಊರಲ್ಲಿ ಜನವೇ ಇಲ್ಲ."

"ಜನ ಇಲ್ಲದ ಊರೇ? ನಡಿ, ತೋರಿಸು."

ಲ್ಯಾಬಿಗೆ ಬಂದು ಕೂತರು. ಬಂದೂಕು ಹಿಡಿದು ಧೂಳೂರಿನ ಓಣಿ ಓಣಿ ಅಲೆದರು. ಹತ್ತು ಹೆಜ್ಜೆಗೊಮ್ಮೆ ಯಾರೋ ಹೊಡೆದು ಹಾಕುತ್ತಿದ್ದರು, ಅವರಿಗೆ ಅದರ ಪರಿವೆಯೇ ಇಲ್ಲ. ಮನೆಗಳಿವೆ, ಮನೆಯವರಿಲ್ಲ ಅಂತ ಗೊಣಗಿದರು. ಮಾರನೇ ದಿನ ಹಿಂದಿನ ವರ್ಷದ ಇರಾಕ್ ಯುದ್ಧದ ಕತ್ತರಿಕೆಗಳ ಫೈಲು ತಂದರು. ಅಮೆರಿಕದ ಸೇನೆಯ ಜೊತೆಯಲ್ಲೇ, ಅದರ ವಾಹನಗಳಲ್ಲೇ ಹೋದ ವರದಿಗಾರರ ಬರಹಗಳು. ಟ್ಯಾಂಕು, ಮರಳು, ರಾತ್ರಿ ಬೆಳಕು. ಊರಿನವರು ಕೊನೆಯ ಪ್ಯಾರಾದಲ್ಲಿ, ಅದೂ ಇದ್ದರೆ. "ನಿಮ್ಮ ಆಟ ಮಾಡಿದವರೂ ಇವರೂ ನೆಂಟರೇ" ಅಂದರು.

ಒಂದು ವಿಷಯದಲ್ಲಿ ಮಾತ್ರ ಅವರಿಗೆ ನಾನೇ ಗುರು, ಹೇಳಿಕೊಳ್ಳುತ್ತೇನೆ. ಉರುಗ್ವೆಯ ಗೊನ್ಸಾಲೊ ಫ್ರಾಸ್ಕಾ 2003ರಲ್ಲಿ ಮಾಡಿದ 'ಸೆಪ್ಟೆಂಬರ್ 12' ಎಂಬ ಪುಟ್ಟ ಆಟವನ್ನು ಹುಡುಕಿ ತೋರಿಸಿದ್ದು ನಾನು. ಅದರಲ್ಲಿ ಊರ ತುಂಬ ಜನ. ನಡುವೆ ಅಲ್ಲೊಬ್ಬ ಇಲ್ಲೊಬ್ಬ ಭಯೋತ್ಪಾದಕ. ಕ್ಷಿಪಣಿ ಬಿಟ್ಟರೆ ಅದು ತಡವಾಗಿ ಬೀಳುತ್ತದೆ, ಮನೆಗಳೂ ಉರುಳುತ್ತವೆ. ಸತ್ತವರ ಮುಂದೆ ಅಳುತ್ತ ಕೂತವರೇ ಎದ್ದು ಭಯೋತ್ಪಾದಕರಾಗುತ್ತಾರೆ. ಗೆಲುವೂ ಇಲ್ಲ, ಸೋಲೂ ಇಲ್ಲ.

"ಏನೂ ಒತ್ತದೇ ಇದ್ರೆ?"

"ಜನ ಓಡಾಡ್ಕೊಂಡಿರ್ತಾರೆ ಸರ್."

"ಹಾಗಾದ್ರೆ ಇದು ಆಟ ಅಲ್ಲ, ಸಂಪಾದಕೀಯ ಕಣಯ್ಯಾ!"

ನನ್ನ ಪ್ರಬಂಧದ ವಿಷಯ ಅಲ್ಲೇ ಹುಟ್ಟಿತು. ಒಳ್ಳೆಯ ಅಂಕವೂ ಬಂತು. ಆಮೇಲೆ ಪತ್ರಿಕೆಯ ಡೆಸ್ಕಿಗೆ ಸೇರಿದೆ. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಸೇರಿ 118 ಆ್ಯಪ್‌ಗಳಿಗೆ ಸರ್ಕಾರ ನಿಷೇಧ ಹೇರಿದಾಗ, ತರಬೇತಿಯ ಹುಡುಗ ಸಚಿವಾಲಯದ ಹೇಳಿಕೆಯನ್ನೇ ತಿರುಗಿಸಿ ಬರೆದು ತಂದ. "ಆಡೋ ಹುಡುಗರು ಎಲ್ಲಯ್ಯಾ?" ಅಂದೆ. ದನಿ ನನ್ನದು, ಮಾತು ಯಾರದು ಅಂತ ಹೇಳಬೇಕಿಲ್ಲ ಅಲ್ವಾ? ಪಾಪ, ಅವನು ರಾತ್ರಿ ಹತ್ತರವರೆಗೆ ಫೋನ್ ಮಾಡುತ್ತ ಕೂತ.

ಶ್ರದ್ಧಾಂಜಲಿ ಸಭೆಗೆ ವಿಭಾಗಕ್ಕೆ ಬಂದಿದ್ದೆ. ಸ್ಟುಡಿಯೋ ಚೆನ್ನಾಗಿದೆ, ಹಸಿರು ಪರದೆ, ಕ್ಯಾಮೆರಾ ಎಲ್ಲ ಇದೆ. ನಮಗೆ ಇವೆಲ್ಲ ಎಲ್ಲಿತ್ತು? ಹೊಟ್ಟೆಕಿಚ್ಚಾಯಿತು. ಆದರೆ ಸಂಜೆ ನಾಲ್ಕಾದರೂ ಓದುವ ಕೋಣೆಯ ಪತ್ರಿಕೆಗಳ ಮಡಿಕೆ ಬಿಚ್ಚಿರಲಿಲ್ಲ. ಫೋನಲ್ಲೇ ಓದ್ತೀವಿ ಸರ್, ಅಂದರು ಮಕ್ಕಳು. ಫೋನಿನಲ್ಲಿ ಜಾಹೀರಾತನ್ನು ಯಾವ ಸ್ಕೇಲಿನಲ್ಲಿ ಅಳೆಯೋದು?

ಮೇಷ್ಟ್ರ ಕತ್ತರಿಕೆ ಫೈಲುಗಳು ಹಿಂದಿನ ಕೋಣೆಯಲ್ಲಿ ಹಳೇ ಮಾನಿಟರುಗಳ ಕೆಳಗೆ ಬಿದ್ದಿವೆಯಂತೆ. ಕೀಲಿ ಯಾರ ಹತ್ತಿರ ಇದೆ ಅಂತ ಯಾರಾದರೂ ತಿಳಿಸಿ. ಬೇಸಿಗೆ ರಜೆಯಲ್ಲಿ ನಮ್ಮ ಬ್ಯಾಚಿನವರು ನಾಲ್ಕು ಜನ ಬಂದು ಧೂಳು ಕೊಡವಿ, ವರ್ಷವಾರು ಜೋಡಿಸಿ ಕೊಡುತ್ತೇವೆ. ಊಟದ ಖರ್ಚು ನಮ್ಮದೇ.