ಅಜ್ಜಿ ಕಳಿಸಿದ ಬ್ರಾಹ್ಮಿ

ಎಂ.ಎಸ್ಸಿ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ನನಗೆ ಸಿಕ್ಕಿದ್ದು ಬ್ರಾಹ್ಮಿ. ಅದರ ಸಾರದಲ್ಲಿ ಬಾಕೊಸೈಡ್ ಎಂಬ ಮುಖ್ಯ ಅಂಶ ಎಷ್ಟಿದೆ ಅಂತ, ಬೆರೆತದ್ದನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ನೋಡಬೇಕಿತ್ತು. ಬ್ರಾಹ್ಮಿ ತಾನೇ, ಸಾಗರದ ನಮ್ಮನೆ ಬಾವಿಕಟ್ಟೆ ಪಕ್ಕ ಬೇಕಾದಷ್ಟಿದೆ ಅಂದುಕೊಂಡೆ. ಅಜ್ಜಿಗೆ ಫೋನ್ ಮಾಡಿದೆ. ನಾಲ್ಕೇ ದಿನಕ್ಕೆ ಬಸ್ಸಿನಲ್ಲಿ ಚೀಲ ಬಂತು.

ನೆರಳಲ್ಲಿ ಒಣಗಿಸಿದೆ. ಪುಡಿ ಮಾಡಿ, ಸಾರ ಇಳಿಸುವ ಸಾಕ್ಸ್‌ಲೆಟ್‌ಗೆ ತುಂಬಿ, ಮೆಥನಾಲ್ ಹಾಕಿ ಇಡೀ ದಿನ ಕಾಯಿಸಿದೆ. ಮೆಥನಾಲ್ ಆರಿಸಿದ ಮೇಲೆ ತಳದಲ್ಲಿ ಉಳಿದದ್ದು ಜೋನಿಬೆಲ್ಲದಂಥ ಕಡು ಹಸಿರು ಅಂಟು. ಅದನ್ನು ತೂಗಿ, ಕರಗಿಸಿ, 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, 20 ಮೈಕ್ರೊಲೀಟರ್ ಯಂತ್ರಕ್ಕೆ ಕೊಟ್ಟೆ.

ಬಾಕೊಸೈಡ್‌ದು ಒಂದು ತಕರಾರಿದೆ. ವಸ್ತು ಬೆಳಕು ನುಂಗುವುದನ್ನು ನೋಡಿಯೇ ಯಂತ್ರ ಅದನ್ನು ಗುರುತಿಸುವುದು. ಅರಿಸಿನದ ಕರ್ಕ್ಯುಮಿನ್ ಆದರೆ ಹಳದಿ, 425 ನ್ಯಾನೊಮೀಟರ್ ತರಂಗಾಂತರದ ಆಸುಪಾಸಿನಲ್ಲಿ ಢಾಳಾಗಿ ಕಾಣುತ್ತದೆ. ಬಾಕೊಸೈಡ್‌ಗೆ ಬಣ್ಣವೇ ಇಲ್ಲ. ಅತಿನೇರಳೆಯಲ್ಲಿ, 205ರ ಹತ್ತಿರ ಹುಡುಕಬೇಕು. ಅಲ್ಲಿ ಸಿಕ್ಕಿದ್ದೆಲ್ಲಾ ಬೆಳಕು ನುಂಗುತ್ತದೆ, ಮೆಥನಾಲ್ ಕೂಡ. ಅದಕ್ಕೇ ಯಂತ್ರದ ಕಾಲಮ್ಮಿನಲ್ಲಿ, ಅಂದರೆ ಬೇರ್ಪಡಿಸುವ ಕೊಳವೆಯಲ್ಲಿ, ಹರಿಸಲು ದುಬಾರಿ ಅಸಿಟೋನೈಟ್ರೈಲೇ ಆಗಬೇಕು.

ಸ್ಟ್ಯಾಂಡರ್ಡ್, ಅಂದರೆ ಹೋಲಿಕೆಗೆ ಇಟ್ಟ ಶುದ್ಧ ಬಾಕೊಸೈಡ್, ಹಾಕಿದಾಗ ಗ್ರಾಫಿನಲ್ಲಿ ಪೀಕ್‌ಗಳು ಚೆನ್ನಾಗಿ ಬಂದವು. ನನ್ನ ಸ್ಯಾಂಪಲ್ ಹಾಕಿದರೆ ಆ ಜಾಗದಲ್ಲಿ ಏನೂ ಇಲ್ಲ. ಪಂಪಿನಲ್ಲಿ ಗಾಳಿ ಸೇರಿರಬೇಕು ಅಂತ ತೆಗೆದೆ. ಕಾಲಮ್ಮಿನಲ್ಲಿ ಹರಿಸುವ ದ್ರವ (ಮೊಬೈಲ್ ಫೇಸ್) ಹೊಸದಾಗಿ ಮಾಡಿದೆ. ಕಾಲಮ್ ತೊಳೆದೆ. ಮೂರು ದಿನ ಹೀಗೇ ಹೋಯಿತು. ಗ್ರಾಫಿನಲ್ಲಿ ಆ ಜಾಗಕ್ಕಿಂತ ಮುಂಚೆ ಎರಡು ಎತ್ತರದ ಪೀಕ್ ಪ್ರತಿ ಸಲವೂ ಬರುತ್ತಿದ್ದವು. ಏನೋ ಕಸ ಅಂತ ಬಿಟ್ಟಿದ್ದೆ.

ನಾಲ್ಕನೇ ದಿನ ಮೇಡಂ ಬಂದು ಗ್ರಾಫ್ ನೋಡಲೇ ಇಲ್ಲ. "ಗಿಡ ತೋರಿಸು" ಅಂದರು. ಗಿಡ ಒಣಗಿಸಿ ಅಂಟಿಸಿಡುವ ಹರ್ಬೇರಿಯಂ ಹಾಳೆ ಮಾಡಿಟ್ಟಿದ್ದರೆ ತಾನೇ? ತಂಗಿಯಿಂದ ಫೋಟೊ ತರಿಸಿದೆ. ದುಂಡನೆಯ ಎಲೆ, ಉದ್ದ ತೊಟ್ಟು. ಮೇಡಂ ನಕ್ಕರು. "ಇದು ಒಂದೆಲಗ ಅಲ್ವೇನೋ?"

ಹೌದು, ಒಂದೆಲಗವೇ. ನಮ್ಮ ಕಡೆ ಅದನ್ನೇ ಬ್ರಾಹ್ಮಿ ಅನ್ನುತ್ತಾರೆ. ಆಯುರ್ವೇದ ಔಷಧಿಗಳ ಅಧಿಕೃತ ಗ್ರಂಥವಾದ ಫಾರ್ಮಕೋಪಿಯಾದ ಬ್ರಾಹ್ಮಿ ಬೇರೆ, ಅದು ಬಾಕೊಪಾ ಮೊನ್ನಿಯೇರಿ, ನಮ್ಮ ನೀರುಬ್ರಾಹ್ಮಿ. ಚಿಕ್ಕ ದಪ್ಪ ಎಲೆ, ಬಾಯಿಗಿಟ್ಟರೆ ಕಹಿ. ಒಂದೆಲಗ ಅಲ್ಲಿ ಮಂಡೂಕಪರ್ಣಿ, ಅದರ ಮುಖ್ಯ ಸರಕು ಏಶಿಯಾಟಿಕೊಸೈಡ್. ಎರಡೂ ಒದ್ದೆ ನೆಲದಲ್ಲಿ ಹಬ್ಬುತ್ತವೆ, ಎರಡನ್ನೂ ನೆನಪಿನ ಶಕ್ತಿಗೆ ಅಂತ ಕೊಡುತ್ತಾರೆ. ಕುಲಕ್ಕೇ ಸಂಬಂಧವಿಲ್ಲ.

ಸುಮ್ನೆ ನೋಡೋಣ ಅಂತ, ವಸ್ತುಗಳನ್ನು ಚುಕ್ಕೆಗಳಾಗಿ ಬೇರ್ಪಡಿಸುವ ಟಿಎಲ್‌ಸಿ ಹಾಳೆ ಮೇಲೆ ನನ್ನ ಸಾರ, ಪಕ್ಕದಲ್ಲಿ ಏಶಿಯಾಟಿಕೊಸೈಡ್ ಇಟ್ಟೆ. ಅನಿಸಾಲ್ಡಿಹೈಡ್-ಗಂಧಕಾಮ್ಲ ಸಿಂಪಡಿಸಿ ಬಿಸಿ ಮಾಡಿದೆ. ಎರಡೂ ಗೆರೆಯಲ್ಲಿ ಒಂದೇ ಎತ್ತರಕ್ಕೆ, ಒಂದೇ ಬಣ್ಣದ ಚುಕ್ಕೆ ಮೂಡಿತು. ಆ ಎರಡು ಪೀಕ್‌ಗಳನ್ನು ಮತ್ತೆ ನೋಡಿದೆ. ಏಶಿಯಾಟಿಕೊಸೈಡ್ ಸ್ಟ್ಯಾಂಡರ್ಡ್ ಯಂತ್ರಕ್ಕೆ ಹಾಕಿದಾಗ ಅದರಲ್ಲೊಂದು ಸರಿಯಾಗಿ ಕೂತಿತು. ನಾನು ಕಸ ಅಂದಿದ್ದು ಅದನ್ನೇ!

ರಾತ್ರಿ ಅಜ್ಜಿಗೆ ಎಲ್ಲಾ ಹೇಳಿದೆ. "ಒಂದು ಚೀಲ ಎಲೆ ಕಳಿಸಿದ್ದೆ. ತಂಬುಳಿ ಮಾಡ್ಕೊಂಡು ಉಣ್ಣೋದು ಬಿಟ್ಟು ಮಷೀನಿಗೆ ಹಾಕಿದ್ಯಾ?" ಅಂದರು. ಮೇಡಂ ಪ್ರಾಜೆಕ್ಟಿನ ಹೆಸರನ್ನೇ ಬದಲಿಸಿಕೊಟ್ಟರು. ನಾನು ಡಬ್ಬಿಯ ಮೇಲಿದ್ದ 'ಬ್ರಾಹ್ಮಿ' ಹೊಡೆದುಹಾಕಿ, 'ಒಂದೆಲಗ, ಬಾವಿಕಟ್ಟೆ, ಸಾಗರ' ಅಂತ ಬರೆದೆ.