ಅಕ್ಕನ ಭುಜಕ್ಕೆ ಡ್ರಿಲ್ ಹಾಕಿದ ದಿನ

ಉಡುಪಿ ಹತ್ತಿರದ ಶಂಕರಪುರದ ನಮ್ಮ ಅಕ್ಕ ಮಲ್ಲಿಗೆ ಕಟ್ಟುವುದು ಬಿಟ್ಟಳು ಅಂದಾಗಲೇ ನನಗೆ ಹೆದರಿಕೆಯಾಗಿತ್ತು. ಒಂದು ಚೆಂಡಿಗೆ 800 ಮೊಗ್ಗು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬೆಳಗ್ಗೆ ಬೇಗ ಕೊಯ್ದು ಬಾಳೆನಾರಿನಲ್ಲಿ ಚಕಚಕ ಕಟ್ಟುವವಳು. ಈಗ ತಲೆ ಬಾಚಲಿಕ್ಕೂ ಬಲಗೈ ಮೇಲೇಳುತ್ತಿರಲಿಲ್ಲ. ರಾತ್ರಿಯಂತೂ ನೋವು ಜಾಸ್ತಿ.

ಮೊದಲು ತೋರಿಸಿದಲ್ಲಿ ಎಕ್ಸ್‌ರೇ ನೋಡಿ, ಭುಜ ಹಿಡಿದಿದೆ, ವ್ಯಾಯಾಮ ಮಾಡಿ ಅಂದರು. ಅವಳಿಗೆ ಲೂಪಸ್ ಇದೆ, ಅಂದರೆ ದೇಹದ ರೋಗನಿರೋಧಕ ಶಕ್ತಿ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ. ಅದಕ್ಕೆ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಾಳೆ. ಅದನ್ನು ಯಾರೂ ಕೇಳಲೇ ಇಲ್ಲ. ನನಗೆ ಈಗಲೂ ಸಿಟ್ಟು ಬರುವುದು ಅದಕ್ಕೇ. ಮಣಿಪಾಲದ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆಯೇ ಯಾವ ಮಾತ್ರೆ ಅಂತ. ಎಂಆರ್‌ಐ ಮಾಡಿಸಿದರು. ತೋಳಿನ ಮೂಳೆಯ ಮೇಲ್ತುದಿಯಲ್ಲಿರುವ ಗುಂಡು ಭಾಗಕ್ಕೆ ರಕ್ತ ಸರಿಯಾಗಿ ಹೋಗದೆ ಅದರ ಒಂದು ಭಾಗ ಸತ್ತಿತ್ತು. ಸ್ಟೀರಾಯ್ಡಿನಿಂದ ಹೀಗಾಗುವುದುಂಟಂತೆ. ಶುರುವಿನಲ್ಲಿ ಇದು ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ.

“ಗುಂಡು ಇನ್ನೂ ಕುಸಿದಿಲ್ಲ. ಅದಕ್ಕೇ ಈಗಲೇ ಮೂಳೆ ಕೊರೆಯುವ ಆಪರೇಷನ್ ಮಾಡುವ. ಕುಸಿದರೆ ಕೀಲನ್ನೇ ಬದಲಿಸಬೇಕಾದೀತು” ಅಂದರು ಡಾಕ್ಟರ್.

“ಸತ್ತ ಮೂಳೆಯನ್ನೇ ಕೊರೆಯುವುದಾ?” ಭಾವ ಕೇಳಿಯೇಬಿಟ್ಟರು. ನನ್ನ ಮನಸ್ಸಿನಲ್ಲೂ ಅದೇ ಇತ್ತು. ಡಾಕ್ಟರ್ ಚೀಟಿಯ ಹಿಂದೆ ಒಂದು ಗುಂಡು ಬರೆದು, ಹೊರಬದಿಯಿಂದ ಒಳಕ್ಕೆ ಗೆರೆ ಎಳೆದರು. ಭುಜ ಬಿಚ್ಚುವುದಿಲ್ಲ. ಚರ್ಮದಲ್ಲಿ ಸಣ್ಣ ಗಾಯ ಮಾಡಿ, ಎಕ್ಸ್‌ರೇ ಪರದೆ ನೋಡಿಕೊಂಡು, ಸುಮಾರು 3 ಮಿಲಿಮೀಟರ್ ದಪ್ಪದ ಡ್ರಿಲ್ಲಿನಿಂದ ಸತ್ತ ಭಾಗದವರೆಗೆ ಕೊರೆಯುತ್ತಾರೆ. ಮೂಳೆಯೊಳಗಿನ ಒತ್ತಡ ಇಳಿಯುತ್ತದೆ, ಹೊಸ ರಕ್ತನಾಳ ಬೆಳೆಯಲು ದಾರಿಯಾಗುತ್ತದೆ. ಎಲ್ಲರಿಗೂ ಫಲ ಕೊಡುತ್ತದೆ ಅಂತ ಹೇಳಲಾಗದು, ಆದರೆ ಬೇಗ ಮಾಡಿದಷ್ಟು ಒಳ್ಳೆಯದು ಅಂದರು.

ಆಪರೇಷನ್ ಮುಗಿಸಿ ವಾರ್ಡಿಗೆ ತಂದಾಗ ನಾನು ಮೊದಲು ನೋಡಿದ್ದು ಭುಜವನ್ನೇ. ಹೊರಬದಿಯಲ್ಲಿ ಎರಡು ಸಣ್ಣ ಪಟ್ಟಿ, ಅಷ್ಟೇ. ಮರಗಟ್ಟಿಸುವ ಇಂಜೆಕ್ಷನ್ ಇನ್ನೂ ಇಳಿದಿರಲಿಲ್ಲ. “ಈ ಕೈ ನನ್ನದೇ ಅಲ್ಲ ಅನಿಸ್ತದೆ ಮಾರಾಯ್ತಿ” ಅಂತ ಅಕ್ಕ ಎಡಗೈಯಿಂದ ಬಲಗೈ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು.

ಮನೆಗೆ ಬಂದ ಮೇಲೆ ಬಗ್ಗಿ ನಿಂತು ಕೈಯನ್ನು ಸುಮ್ನೆ ತೂಗಾಡಿಸುವ ವ್ಯಾಯಾಮ. ಕೊಡಪಾನ ಎತ್ತುವ ಹಾಗಿಲ್ಲ, ಕೊರೆದ ಮೂಳೆ ಬಿರುಕು ಬಿಟ್ಟೀತು. ಸ್ಟೀರಾಯ್ಡನ್ನು ನಾವಾಗಿ ನಿಲ್ಲಿಸುವುದೂ ಅಪಾಯ. ಲೂಪಸ್ ಡಾಕ್ಟರೇ ನಿಧಾನವಾಗಿ ಇಳಿಸುತ್ತಿದ್ದಾರೆ.

ಸ್ಟೀರಾಯ್ಡಿನಿಂದ ಹೀಗಾದರೆ ಸೊಂಟದ ಕೀಲಿಗೂ ಬರಬಹುದು ಅಂತ ಅದನ್ನೂ ಸ್ಕ್ಯಾನ್ ಮಾಡಿಸಿದೆವು. ಅಲ್ಲಿ ಏನೂ ಇಲ್ಲ. ಎಡ ಭುಜದಲ್ಲಿ ಮಾತ್ರ ಇದೇ ತೊಂದರೆಯ ಸಣ್ಣ ಗುರುತಿದೆ. ಮಳೆಗಾಲ ಮುಗಿದ ಮೇಲೆ ಮತ್ತೊಂದು ಎಂಆರ್‌ಐ ಮಾಡಿಸಬೇಕು.